ಡಾರ್ವಿನ್ ನೋಡಲು ಬಂದ ನಾವಿಕ

ಅಮೆರಿಕದ ನಾವಿಕ ಡ್ಯೂಯಿ ಹ್ಯಾಸ್ಕಿನ್ಸನಿಗೆ ದಡಕ್ಕಿಳಿಯಲು ಸಿಕ್ಕಿದ್ದು ಎರಡೇ ಗಂಟೆ. ಅಷ್ಟರಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಊರನ್ನೆಲ್ಲ ನೋಡಿಬಿಡಬೇಕೆಂದು ಹೆಕ್ಟರ್ ಲಾಯ್‌ನ ಲಾರಿ ಹತ್ತಿ ಕುಳಿತಿದ್ದ. ಹೆಕ್ಟರ್ ಅದೇ ಊರಲ್ಲಿ ಹುಟ್ಟಿದ ಚೀನೀ ಮನೆತನದವನು. ಬಂದರಿನ ಸಾಮಾನು ಸಾಗಿಸುವುದು ಅವನ ಕಸುಬು. ಯುದ್ಧ ಹತ್ತಿರ ಬಂತೆಂದು ಅವನ ಹೆಂಡತಿ ಮಕ್ಕಳನ್ನು ಸರ್ಕಾರ ಡಿಸೆಂಬರಿನಲ್ಲೇ ದಕ್ಷಿಣಕ್ಕೆ ಕಳಿಸಿತ್ತು. ಈಗ ೧೯೪೨ರ ಫೆಬ್ರವರಿ. ಮಾತಿಗೊಬ್ಬರು ಸಿಕ್ಕರೆ ಸಾಕಾಗಿತ್ತು ಅವನಿಗೆ.

"ಇದು ನಮ್ಮಜ್ಜಂದಿರ ಗುಡಿ. ಬಿರುಗಾಳಿ ಎರಡು ಸಲ ಊರನ್ನೇ ಎತ್ತಿ ಒಗೀತು. ಎರಡು ಸಲಾನೂ ಮತ್ತೆ ಕಟ್ಟಿದ್ವಿ," ಎಂದ ಹೆಕ್ಟರ್.

"ಮೂರನೇ ಸಲ ಸ್ವಲ್ಪ ಚೆನ್ನಾಗಿ ಕಟ್ಟಿ ಮಾರಾಯ. ತಗಡು ಬಿಟ್ಟು ಬೇರೇನೂ ಕಾಣಲ್ವಲ್ಲ!"

"ನಿಮ್ಮೂರಲ್ಲಿ ಏನಿದೆಯಪ್ಪಾ ಅಂಥದ್ದು?"

"ಹಂದಿ ಇದೆ. ಆಮೇಲೆ ಇನ್ನೊಂದಿಷ್ಟು ಹಂದಿ."

ಇಬ್ಬರೂ ನಕ್ಕರು. ದಿಬ್ಬದ ಅಂಚಿನಲ್ಲಿ ಹೆಕ್ಟರ್ ಲಾರಿ ನಿಲ್ಲಿಸಿದ. ಕೆಳಗೆ ಬಂದರಿನ ತುಂಬ ಹಡಗುಗಳು. "ಜಾವಾದಿಂದ ಸಮುದ್ರದ ತಳದಲ್ಲಿ ಟೆಲಿಗ್ರಾಫ್ ತಂತಿ ಎಳೆದು ತಂದದ್ದು ಇಲ್ಲಿಗೇ. ಲಂಡನ್ ಸುದ್ದಿ ಸಿಡ್ನಿಯವರಿಗಿಂತ ಮೊದಲು ನಮಗೇ..."

ಆಗ ವಿಮಾನಗಳ ಸದ್ದು ಕೇಳಿತು.

"ನಮ್ಮವೇ," ಎಂದ ಡ್ಯೂಯಿ, ಹಣೆಗೆ ಕೈ ಅಡ್ಡ ಹಿಡಿದು. ಬಿಸಿಲಿಗೆ ಹೊಳೆಯುವ ಏನೇನೋ ಸಾಲಾಗಿ ಉದುರತೊಡಗಿದವು. ಮರುಕ್ಷಣ ಹಡಗುಗಳು ನಿಲ್ಲುವ ಧಕ್ಕೆ ನಡುವೆ ಮುರಿದು ಮೇಲೆದ್ದಿತು. ಅದರ ಮೇಲಿದ್ದ ರೈಲು ಎಂಜಿನ್ನು ನೀರಿಗೆ ಬಿತ್ತು. ಆ ಹೊತ್ತಿಗೆ ಅಲ್ಲಿ ಚಹಾ ಕುಡಿಯಲು ಕೂತಿದ್ದವರೆಲ್ಲ ಹೆಕ್ಟರನ ಗೆಳೆಯರು. ಅವರು ಕೂತಿದ್ದ ಜಾಗವೇ ಇರಲಿಲ್ಲ.

ಡ್ಯೂಯಿಯ ಹಡಗಿಗೆ ಬೆಂಕಿ ಹತ್ತಿತ್ತು. ಅವನು ದಿಬ್ಬ ಇಳಿದು ಓಡಿದ. ಹೆಕ್ಟರನೂ ಓಡಿದ.

ನೀರಿನ ಮೇಲೆ ಎಣ್ಣೆ ಉರಿಯುತ್ತಿತ್ತು. ಅದರೊಳಗಿಂದ ಜನ ಈಜಿ ಬರುತ್ತಿದ್ದರು. ಒಬ್ಬನ ಕೈ ಹಿಡಿದು ಹೆಕ್ಟರ್ ಎಳೆದರೆ ಚರ್ಮ ಕಿತ್ತು ಬಂತು. ಆಮೇಲೆ ಅವನ ಕಂಕುಳಿಗೆ ಕೈ ಹಾಕಿ ಎಳೆದ. ಆರು ಜನರನ್ನು ದಡಕ್ಕೆ ಹಾಕಿದರು. ಅವರಲ್ಲಿ ಇಬ್ಬರು ಆಗಲೇ ಸತ್ತಿದ್ದರು. ಏಳನೆಯವನಿಗಾಗಿ ಡ್ಯೂಯಿ ಸೊಂಟಮಟ್ಟ ನೀರಿನಲ್ಲಿದ್ದಾಗ ಒಂದು ವಿಮಾನ ತಲೆಯ ಮೇಲೇ ಹಾದು ಗುಂಡಿನ ಸುರಿಮಳೆ ಸುರಿಸಿತು. ಅವನ ತೊಡೆ ಸೀಳಿಹೋಯಿತು. ಹೆಕ್ಟರ್ ತನ್ನ ಬೆಲ್ಟು ಬಿಚ್ಚಿ ಆ ತೊಡೆಗೆ ಬಿಗಿದು, ಅವನನ್ನು ಹೆಗಲಿಗೆ ಹಾಕಿಕೊಂಡು ದಿಬ್ಬ ಹತ್ತಿದ.

ಲಾರಿಯ ಎಂಜಿನ್ನು ಚಾಲೂ ಆಗಿತ್ತು. ಒಳಗೆ ಬರ್ನಿ ಗ್ಯಾಂಟ್ರಿ ಕೂತಿದ್ದ. ಹಮಾಲಿ ಬರ್ನಿ, ಪ್ರತಿ ಶನಿವಾರ ಹೆಕ್ಟರನ ಜೊತೆ ಬಿಯರ್ ಕುಡಿಯುವವನು.

"ಹತ್ತೋ ಬೇಗ! ಜಪಾನಿನವರು ಇಳೀತಾರೆ, ದಕ್ಷಿಣಕ್ಕೆ ಹೋಗೋಣ. ಅವನನ್ನ ಅಲ್ಲೇ ಬಿಡು, ಹೇಗೂ ಸಾಯ್ತಾನೆ."

"ಆಸ್ಪತ್ರೆಗೆ ಹೋಗ್ಬೇಕು. ಇಳಿ ಬರ್ನಿ."

"ಆಚೆ ಸರಿಯೋ ಚೀನಾ ನಾಯಿ!" ಬರ್ನಿ ಬೂಟುಗಾಲಲ್ಲಿ ಎದೆಗೆ ಒದ್ದ. ಹೆಕ್ಟರ್ ಡ್ಯೂಯಿಯ ಸಮೇತ ಬಿದ್ದ.

ಎದ್ದವನ ಕೈಗೆ ಲಾರಿಯ ಹಿಂದಿದ್ದ ಜಾಕಿನ ಕಬ್ಬಿಣದ ಹ್ಯಾಂಡಲ್ ಸಿಕ್ಕಿತು. ಸ್ಟೀರಿಂಗ್ ಹಿಡಿದಿದ್ದ ಬರ್ನಿಯ ಮುಂಗೈಗೆ ಬೀಸಿದ. ಮೂಳೆ ಮುರಿದದ್ದು ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಬರ್ನಿ ರಸ್ತೆಗೆ ಉರುಳಿಬಿದ್ದ. ಅಷ್ಟಕ್ಕೇ ಕೆಲಸ ಮುಗಿದಿತ್ತು. ಆದರೂ ಹೆಕ್ಟರ್ ಅದೇ ಕೈಗೆ ಇನ್ನೊಂದು ಏಟು ಹಾಕಿದ.

ಡ್ಯೂಯಿಯನ್ನು ಮಲಗಿಸಿ ಸ್ಟೀರಿಂಗ್ ಹಿಡಿದಾಗ ಬರ್ನಿ ರಸ್ತೆಯ ಮೇಲೆ ಕೂತು ಬಿಕ್ಕುತ್ತಿದ್ದ. "ಹತ್ತೋ," ಎಂದ ಹೆಕ್ಟರ್.

ಆಸ್ಪತ್ರೆಗೂ ಬಾಂಬು ಬಿದ್ದಿತ್ತು. ಡಾಕ್ಟರು ನೆಲದ ಮೇಲೆ ಮಂಡಿಯೂರಿ ಡ್ಯೂಯಿಯ ಕಾಲು ತೆಗೆದರು. "ಬದುಕ್ತಾನೆ," ಎಂದಷ್ಟೇ ಹೇಳಿ ಪಕ್ಕದವನ ಕಡೆ ತಿರುಗಿದರು.

ವರಾಂಡದಲ್ಲಿ ಬರ್ನಿ ಕೈಗೆ ಹಲಗೆ ಕಟ್ಟಿಸಿಕೊಂಡು ಕೂತಿದ್ದ. "ಎರಡನೇ ಏಟು ಯಾಕೆ ಹಾಕ್ದೆ?"

"ನಾಯಿ ಅಂದ್ಯಲ್ಲ."

ಬರ್ನಿ ತಲೆ ತಗ್ಗಿಸಿದ. ಊರು ಬಿಟ್ಟು ಹೋಗುವವರ ಸಾಲು ಹೊರಗೆ ದಕ್ಷಿಣದ ದಾರಿ ಹಿಡಿದಿತ್ತು.

"ದಡದಲ್ಲಿ ಹೆಣ ಬಿದ್ದಿವೆ," ಎಂದ ಹೆಕ್ಟರ್. "ಮೊಸಳೆ ಬರೋ ಮೊದಲು ತರ್ಬೇಕು. ನಾನು ಹೋಗ್ತೀನಿ."

ಬರ್ನಿ ಎದ್ದು ಲಾರಿಯ ಹಿಂಭಾಗಕ್ಕೆ ಒಂದೇ ಕೈಯಲ್ಲಿ ಹತ್ತಿದ.