ಮುತಗಿ ಸರ್ ಕಪಾಟಿನ ಟೋಪನ್

ನಾನು ಒಂದು ಟೋಪನ್. ನಾಟಕದವರು ತಲೆಗೆ ಹಾಕಿಕೊಳ್ಳುವ ಸುಳ್ಳುಕೂದಲು. ಇಷ್ಟು ಕೇಳಿದ್ದಕ್ಕೇ ನಿಮಗೆ ನಗು ಬಂದಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ, ಏಕೆಂದರೆ ನನ್ನನ್ನು ಮಾಡಿದ್ದೇ ನಗಿಸುವುದಕ್ಕೆ. ನನ್ನ ಕಥೆ ಮುಗಿದ ಮೇಲೂ ಆ ನಗು ಉಳಿದಿದ್ದರೆ ಮಾತ್ರ ದಯವಿಟ್ಟು ನನಗೆ ಹೇಳಬೇಡಿ.

ನಾನು ಹುಟ್ಟಿದ್ದು ಗದಗಿನಲ್ಲಿ, ದ್ಯಾಮವ್ವನ ಕೈಯಲ್ಲಿ. ಅವಳ ಗಂಡ ಒಂದು ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚುವವನು. ಗಡ್ಡ, ಮೀಸೆ, ಟೋಪನ್ನುಗಳೆಲ್ಲ ಅವಳ ಪಾಲಿನ ಕೆಲಸ. ಹರಿದ ಕರಿ ಕಂಬಳಿಯೊಂದನ್ನು ಎಳೆ ಎಳೆಯಾಗಿ ಬಿಚ್ಚಿ, ಪೊರಕೆ ಕಡ್ಡಿಗಳಿಗೆ ಬಿಗಿಯಾಗಿ ಸುತ್ತಿ, ಕುದಿಯುವ ನೀರಿನಲ್ಲಿ ಅದ್ದಿದಳು. ಆರಿದ ಮೇಲೆ ಕಡ್ಡಿ ಎಳೆದರೆ ಉಣ್ಣೆ ಗುಂಗುರು ಗುಂಗುರಾಗಿ ನಿಂತಿತು. ಅದನ್ನು ಹಳೆಯ ಬಟ್ಟೆ ಟೋಪಿಯೊಂದಕ್ಕೆ ಹೊಲಿದು, ಗಂಡನ ತಲೆಯ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರೇನ ರಾಕ್ಷಸ ಆದಿ ನೋಡು!" ಎಂದಳು. ಈ ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು ಅದು.

ಕಂಪನಿಯಲ್ಲಿ ದೇವರಿಗೂ ರಾಜರಿಗೂ ಉದ್ದನೆಯ ನುಣುಪು ಟೋಪನ್ನುಗಳಿದ್ದವು. ನನ್ನನ್ನು ರಾಕ್ಷಸನಿಗೆ, ಕಳ್ಳನಿಗೆ, ಬುದ್ಧಿಯಿಲ್ಲದ ಆಳಿಗೆ ಹಾಕುತ್ತಿದ್ದರು. ಕೂದಲು ಗುಂಗುರಾಗಿದ್ದರೆ ಮನುಷ್ಯ ಕೆಟ್ಟವನು ಎಂದು ಯಾರು ಯಾವಾಗ ಗೊತ್ತುಮಾಡಿದರೋ ನಾನು ಕೇಳಲಿಲ್ಲ. ನಾನು ರಂಗಕ್ಕೆ ಬಂದರೆ ಸಾಕು, ಮಾತು ಶುರುವಾಗುವ ಮೊದಲೇ ಜನ ನಗುತ್ತಿದ್ದರು. ಆ ನಗು ನಟನಿಗಲ್ಲ, ನನಗೆ ಎಂದುಕೊಂಡು ಬೀಗುತ್ತಿದ್ದೆ. ತಲೆಗಳ ಮೇಲೆ ಕೂತೇ ಬದುಕಿದವರಿಗೆ ತಲೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು ತಡ.

ಕಂಪನಿ ಮುಚ್ಚಿದಾಗ ನನ್ನನ್ನು ಒಂದು ತಗಡಿನ ಪೆಟ್ಟಿಗೆಯೊಂದಿಗೆ ಮುತಗಿ ಸರ್ ಎತ್ತಿಕೊಂಡು ಹೋದರು. ಹಳಿಯಾಳದ ಕಡೆ, ಕಾಡಿಗೆ ಹತ್ತಿರವಿದ್ದ ಒಂದು ಪ್ರೌಢಶಾಲೆಯಲ್ಲಿ ಅವರು ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಅವರ ಕಪಾಟಿನಲ್ಲಿ, ಬಣ್ಣ ಹೋದ ಗ್ಲೋಬಿನ ಪಕ್ಕ ಕುಳಿತೆ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾದ್ದರಿಂದ ಪಾಠವೆಲ್ಲ ಕೇಳಿಸುತ್ತಿತ್ತು. ಮುತಗಿ ಸರ್ ಒಳ್ಳೆಯ ಮೇಷ್ಟ್ರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನಂಬಲಿಕ್ಕಿಲ್ಲ. ಸಂವಿಧಾನದ ಪೀಠಿಕೆಯನ್ನು ಅವರು ಹೇಳಿಕೊಡುವಾಗ "ಭ್ರಾತೃತ್ವ" ಎಂಬಲ್ಲಿ ನಿಂತು, ಆ ಪದವನ್ನು ಎಲ್ಲರಿಂದಲೂ ಎರಡು ಸಲ ಹೇಳಿಸುತ್ತಿದ್ದರು. ಧರ್ಮಗಳ ಪಾಠಕ್ಕೆ ಗುಡಿ, ಮಸೀದಿ, ಇಗರ್ಜಿ ಮೂರನ್ನೂ ತಾವೇ ಬರೆದ ಪಟವೊಂದನ್ನು ಗೋಡೆಗೆ ಹಚ್ಚಿದ್ದರು.

ಒಂಬತ್ತನೆಯ ತರಗತಿಯಲ್ಲಿ ರೆಜಿನಾ ಎಂಬ ಹುಡುಗಿ ಇದ್ದಳು. ಸಿದ್ದಿ ಜನ. ನೂರಾರು ವರ್ಷದ ಹಿಂದೆ ಅವಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದು ಮಾರಿದ್ದರಂತೆ. ಅವರಲ್ಲಿ ತಪ್ಪಿಸಿಕೊಂಡವರು ಈ ಕಾಡು ಸೇರಿ, ಇಲ್ಲಿಯವರೇ ಆದರು. ಒಂದು ದಿನ ಆ ಪಟ ನೋಡುತ್ತ ಅವಳು ಎದ್ದು ನಿಂತು ಕೇಳಿದಳು, "ಸರ್, ನಾವು ಇಗರ್ಜಿಗೆ ಹೋಗ್ತೀವಿ. ನಮ್ಮ ದೊಡ್ಡಪ್ಪಾರು ಗುಡಿಗೆ, ನಮ್ಮ ಹಸೀನಾ ಕಾಕಿ ಮಸೂತಿಗೆ. ಹಿರ್‍ಯಾರ ಪೂಜಾದಾಗ ಎಲ್ಲಾರೂ ಕೂಡೇ ಉಣ್ತೀವಿ. ನಮ್ಮನ್ನ ಈ ಪಟದಾಗ ಎಲ್ಲಿ ಬರೀತೀರಿ?"

"ಅದು ಪರೀಕ್ಷಾಕ್ಕ ಬರೂದಿಲ್ಲ, ಕೂತ್ಕೋವಾ," ಎಂದರು ಸರ್, ನಗುತ್ತ. ತರಗತಿಯೂ ನಕ್ಕಿತು. ಕಪಾಟಿನಲ್ಲಿದ್ದ ನಾನೂ ನಕ್ಕೆ.

ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕ ಸಮಾರಂಭಕ್ಕೆ, ಸರ್ ತಾವೇ ಒಂದು ನಾಟಕ ಬರೆದರು. ಹೆಸರು 'ನಾವೆಲ್ಲ ಒಂದೇ'. ಬಣ್ಣ ನೋಡಿ ಮನುಷ್ಯರನ್ನು ಕೀಳು ಮಾಡಬಾರದು ಎಂಬುದೇ ಅದರ ತಿರುಳು. ಹಡಗಿನಿಂದ ಇಳಿಸಿದ ಸಂಕೋಲೆಯ ಮನುಷ್ಯನೊಬ್ಬ ಎರಡು ಪುಟದಷ್ಟು ಮಾತಾಡಿ, ಕೊನೆಗೆ "ನಾನೂ ಈ ನೆಲದವನು" ಎಂದು ಹೇಳಬೇಕು. ಆ ಪಾತ್ರಕ್ಕೆ ಯಾರು ಎಂದಾಗ ಮೊದಲು ಕೈ ಎತ್ತಿದ್ದು ರೆಜಿನಾ.

"ನಾ ಮಾಡ್ತೀನಿ ಸರ್. ನಮ್ಮ ಅಜ್ಜಿ ಈ ಕಥಿ ಹೇಳ್ತಾಳ. ನಂಗ ಬರ್ತೈತಿ."

ಸಿದ್ದಿ ಹುಡುಗಿಯ ಕೈಗೆ ಸಂಕೋಲೆ ಹಾಕಿ ನಿಲ್ಲಿಸಿದರೆ ಅವಳಿಗೆ ಅವಮಾನವಾದೀತು ಎಂದು ಸರ್ ಅವರ ಎಣಿಕೆ. ಬೇಕೆಂದು ಕೇಳುತ್ತಿರುವವಳು ಅವಳೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. "ಬ್ಯಾಡವಾ, ನಿನಗ ಬ್ಯಾಸರ ಆಗಬಾರದು," ಎಂದು ಪಾತ್ರವನ್ನು ಹೋಟೆಲಿನವರ ಮಗ ಪ್ರಮೋದನಿಗೆ ಕೊಟ್ಟರು. ಪ್ರಮೋದ ಬೆಳ್ಳಗಿದ್ದ, ದನಿ ದೊಡ್ಡದಿತ್ತು. ಬೆಳ್ಳಗಿರುವ ತೊಂದರೆಗೆ ಬೂಟ್ ಪಾಲಿಶ್ ಇತ್ತು, ಕೂದಲಿಗೆ ನಾನಿದ್ದೆ. ರೆಜಿನಾಗೆ ಪರದೆಯ ಹಗ್ಗ ಎಳೆಯುವ ಕೆಲಸ ಸಿಕ್ಕಿತು.

ತಿಂಗಳುಗಟ್ಟಲೆ ಕತ್ತಲಲ್ಲಿ ಕೂತಿದ್ದವನಿಗೆ ಮತ್ತೆ ರಂಗ ಸಿಕ್ಕಿತೆಂದು ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗ ಎಲ್ಲಿ ಅಡಗಿಕೊಳ್ಳಲಿ ಎನಿಸುತ್ತದೆ.

ಮಧ್ಯಾಹ್ನ ಮೂರಕ್ಕೆ ಮೈದಾನದ ಪೆಂಡಾಲಿನಲ್ಲಿ ನಾಟಕ ಶುರುವಾಯಿತು. ಮುಂದೆ ಊರಿನ ಹಿರಿಯರು, ಹಿಂದೆ ತಾಯಂದಿರು. ಎಲ್ಲರಿಗಿಂತ ಕೊನೆಗೆ, ಕಂಬದ ಪಕ್ಕ, ರೆಜಿನಾಳ ಅಜ್ಜಿ ಇಸಾಬೆಲ್ಲ ಕಪ್ಪು ಕೊಡೆ ಹಿಡಿದು ಕೂತಿದ್ದಳು. ಪ್ರಮೋದ ಸಂಕೋಲೆ ಎಳೆಯುತ್ತ ಬಂದ. ಜನ ನಮ್ಮನ್ನು ನೋಡಿದ್ದೇ ತಡ, ನಕ್ಕರು. ಪ್ರಮೋದನಿಗೆ ಮಾತು ಮರೆತುಹೋಯಿತು. ಹಗ್ಗ ಹಿಡಿದಿದ್ದ ರೆಜಿನಾ ಪಕ್ಕದಿಂದ ಮೆಲ್ಲಗೆ ಹೇಳಿಕೊಟ್ಟಳು, "ನನ್ನ ಹೆಸರನ್ನು ಸಮುದ್ರದಲ್ಲಿ ಬಿಟ್ಟು ಬಂದೆ..." ಇಡೀ ಎರಡು ಪುಟ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಪ್ರಮೋದನಿಗೆ ನಗುವಿನ ರುಚಿ ಹತ್ತಿಬಿಟ್ಟಿತ್ತು. ಮಾತು ಬಿಟ್ಟು ತಲೆ ಕೆರೆದುಕೊಂಡ, ಪೆಂಡಾಲು ಇನ್ನಷ್ಟು ನಕ್ಕಿತು. ಮಂಗನ ಹಾಗೆ ಎರಡು ಸಲ ಕುಪ್ಪಳಿಸಿದ, ಶಿಳ್ಳೆ ಬಿತ್ತು. ನಾನು ಅವನ ತಲೆಯ ಮೇಲೆ ಕುಣಿದೆ. ಹೌದು, ಸಂತೋಷದಿಂದಲೇ ಕುಣಿದೆ.

ಪರದೆಯ ಬದಿಯಲ್ಲಿ ಮುತಗಿ ಸರ್ ನಿಂತಿದ್ದರು. ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ತಡೆಯಲಾಗದೆ ಅವರ ಬಾಯಿಯೂ ಅಗಲವಾಯಿತು. ಒಂದು ಕ್ಷಣ, ಅಷ್ಟೇ. ಆ ಕ್ಷಣದಲ್ಲಿ ರೆಜಿನಾ ಅವರ ಮುಖ ನೋಡಿದಳು. ನಾಟಕ ಮುಗಿಯುವ ಮೊದಲೇ ಅವಳು ಹಗ್ಗ ಬಿಟ್ಟಳು. ಪರದೆ ಧೊಪ್ಪೆಂದು ಬಿತ್ತು. ಅದಕ್ಕೂ ಜನ ನಕ್ಕರು.

ಮರುದಿನದಿಂದ ಹುಡುಗರು ಅವಳನ್ನು "ಏ ಟೋಪನ್" ಎಂದು ಕರೆಯತೊಡಗಿದರು. ನನ್ನ ಹೆಸರು ಅವಳಿಗೆ ಅಂಟಿತು. ಯಾರೋ ಹಿಂದಿನಿಂದ ಅವಳ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಬೀಳುತ್ತದೋ ಇಲ್ಲವೋ ಎಂದು ಪಂದ್ಯ ಕಟ್ಟಿದರು. ಒಂದು ದಿನ ಮೂರು ಪೆನ್ಸಿಲ್ ಸಿಕ್ಕಿಸಿಕೊಂಡೇ ಅವಳು ಮೂಲಭೂತ ಹಕ್ಕುಗಳ ಪಾಠ ಬರೆದುಕೊಂಡಳು. ಸರ್ ನೋಡಿ, "ಏ, ಸಾಕ್ರೋ ಚಾಷ್ಟಿ," ಎಂದು ಬೋರ್ಡಿಗೆ ತಿರುಗಿದರು. ಮರುದಿನ ಅವಳ ಜಾಗ ಖಾಲಿ. ಆಮೇಲಿನ ವಾರವೂ ಖಾಲಿ.

ಮೂರನೆಯ ವಾರ ಸರ್ ಒಂದು ಸಂಜೆ ಕಪಾಟಿನ ಮುಂದೆ ಬಹಳ ಹೊತ್ತು ನಿಂತರು. ನನ್ನನ್ನು ಕೈಚೀಲಕ್ಕೆ ತುರುಕಿ, ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದರು. ಅವಳ ಮನೆಯ ಮುಂದೆ ನನ್ನನ್ನು ಸುಟ್ಟು ತಪ್ಪೊಪ್ಪಿಕೊಳ್ಳಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ನನಗೂ ಅದೇ ಬೇಕಾಗಿತ್ತು.

ಅಂದು ಆ ಮನೆಯಲ್ಲಿ ಹಿರಿಯರ ಪೂಜೆ. ಮೂಲೆಯಲ್ಲಿ ತೆಂಗಿನಕಾಯಿ ಇಟ್ಟು ದೀಪ ಹಚ್ಚಿದ್ದರು. ಕೊರಳಲ್ಲಿ ಶಿಲುಬೆಯಿದ್ದವರು, ಹಣೆಗೆ ಕುಂಕುಮವಿದ್ದವರು, ತಲೆಗೆ ಸೆರಗು ಹೊದ್ದ ಹಸೀನಾ ಕಾಕಿ, ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಸರ್ ಬರೆದ ಪಟದಲ್ಲಿ ಇಲ್ಲದ ಚಿತ್ರ ಅದು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ನನ್ನನ್ನು ಅಂಗಳದಲ್ಲಿಟ್ಟು ಕಡ್ಡಿ ಗೀರಿದರು.

"ಏನ್ ಮಾಡಾಕತ್ತೀರಿ ಸರ್?" ಎಂದಳು ಇಸಾಬೆಲ್ಲಜ್ಜಿ.

"ಇದನ್ನ ಸುಟ್ಟಬಿಡ್ತೀನಿ ಅಜ್ಜಿ. ನನ್ನಿಂದ ತಪ್ಪಾಗೈತಿ."

ಅಜ್ಜಿ ಬಾಗಿ ಕಡ್ಡಿಯನ್ನು ಊದಿ ಆರಿಸಿದಳು. "ಸುಟ್ಟರ ನಿಮಗ ಹಗುರಾಕ್ಕೈತಿ. ನಮ್ಮ ಹುಡುಗೀಗೆ ಏನಾಕ್ಕೈತಿ? ಒಯ್ದು ನಿಮ್ಮ ಸಾಲ್ಯಾಗ ಇಡ್ರಿ. ಏನ್ ಮಾಡೀರಿ ಅನ್ನೂದನ್ನ ಹುಡುಗರಿಗೆ ನಿಮ್ಮ ಬಾಯಿಂದ ಹೇಳ್ರಿ."

ರೆಜಿನಾ ಒಳಗೇ ಇದ್ದಳು. ಬಾಗಿಲ ಸಂದಿಯಲ್ಲಿ ಅವಳ ಪಾದ ಮಾತ್ರ ಕಾಣುತ್ತಿತ್ತು. ಸರ್ ಕರೆದರು, ಅವಳು ಹೊರಗೆ ಬರಲಿಲ್ಲ.

ಸೋಮವಾರ ಸರ್ ನನ್ನನ್ನು ತರಗತಿಯ ಮೇಜಿನ ಮೇಲಿಟ್ಟರು. ಹುಡುಗರು ಎಂದಿನಂತೆ ನಕ್ಕರು. ನಗು ನಿಲ್ಲುವ ತನಕ ಕಾದು, ಪಾತ್ರ ಕೇಳಿದವಳಿಗೆ ಕೊಡದೆ ಇದ್ದದ್ದು, ತಾವೇ ನಕ್ಕದ್ದು, ಪೆನ್ಸಿಲ್ ನೋಡಿಯೂ ಬೋರ್ಡಿಗೆ ತಿರುಗಿದ್ದು, ಒಂದೂ ಬಿಡದೆ ಹೇಳಿದರು. ಪ್ರಮೋದ ಅತ್ತ. ಆ ವಾರದ ಕೊನೆಗೆ ರೆಜಿನಾ ಬಂದಳು, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು. ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಅದನ್ನು ಬಿಚ್ಚಲಿಲ್ಲ. ಮತ್ತೆ ಯಾವುದಕ್ಕೂ ಕೈ ಎತ್ತಲಿಲ್ಲ.

ಆ ಪಾಠ ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಪೌರತ್ವದ ಅಧ್ಯಾಯ ಶುರುವಾಗುವ ದಿನ, ನಾನು ಮೇಜಿನ ಮೇಲೆ ಬರುತ್ತಿದ್ದೆ. ಪ್ರತಿ ವರ್ಷ ಹೊಸ ಮಕ್ಕಳು ನಗುತ್ತಿದ್ದರು, ಸರ್ ಕಾಯುತ್ತಿದ್ದರು. ಹೇಳಿ ಹೇಳಿ ಕಥೆಗೆ ಒಂದು ಹದ ಬಂತು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕನ್ನಡಕ ತೆಗೆಯಬೇಕು ಎಂದು ಅವರಿಗೆ ಗೊತ್ತಾಯಿತು. ಯಾವುದೋ ವರ್ಷದಿಂದ ಕೊನೆಗೆ ಒಂದು ವಾಕ್ಯವೂ ಸೇರಿಕೊಂಡಿತು: "ಆ ಹುಡುಗಿ ದೊಡ್ಡ ಮನಸ್ಸಿನಾಕಿ. ನನ್ನನ್ನ ಕ್ಷಮಿಸಿ, ತಿರುಗಿ ಸಾಲೀಗೆ ಬಂದಳು." ಆ ಮಾತಿಗೆ ಮಕ್ಕಳ ಮುಖ ಅರಳುತ್ತಿತ್ತು. ಒಮ್ಮೆ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬರು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನಾನು ವರ್ಷವಿಡೀ ಕಪಾಟಿನಲ್ಲಿ ಕೂತು ಆ ಒಂದು ವಾಕ್ಯಕ್ಕಾಗಿ ಕಾಯುತ್ತಿದ್ದೆ. ಅದು ಬಿದ್ದ ಮೇಲೆ ಮತ್ತೊಂದು ವರ್ಷ ಹಾಯಾಗಿರುತ್ತಿದ್ದೆ.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಸರ್‌ಗೆ ನಿವೃತ್ತಿ ಹತ್ತಿರ ಬಂತು, ನನ್ನ ಉಣ್ಣೆಗೆ ನುಸಿ ಬಿತ್ತು. ಆ ಜೂನ್‌ನಲ್ಲಿ ಸರ್ ಕಥೆ ಹೇಳಿ, ಕನ್ನಡಕ ತೆಗೆದು, ಕೊನೆಯ ವಾಕ್ಯ ಹೇಳಿದರು. "ನನ್ನನ್ನ ಕ್ಷಮಿಸಿ, ತಿರುಗಿ ಸಾಲೀಗೆ ಬಂದಳು."

"ನಾ ಯಾವಾಗ ಕ್ಷಮಾ ಮಾಡಿದೆ ಸರ್?"

ಬಾಗಿಲಲ್ಲಿ ಒಬ್ಬ ಹೆಂಗಸು ಎಷ್ಟು ಹೊತ್ತಿನಿಂದಲೋ ನಿಂತಿದ್ದಳು. ಪಕ್ಕದಲ್ಲಿ ಹೊಸ ಸಮವಸ್ತ್ರದ ಹುಡುಗಿ, ಕೈಯಲ್ಲಿ ಎಂಟನೆಯ ತರಗತಿಯ ಪ್ರವೇಶದ ಚೀಟಿ. ಹೆಂಗಸಿನ ತಲೆಯ ಮೇಲೆ ಸ್ಕಾರ್ಫ್ ಇರಲಿಲ್ಲ. ಗುಂಗುರು ಕೂದಲು ಮುಖದ ಸುತ್ತ ತುಂಬಿಕೊಂಡಿತ್ತು. ಸರ್ ಕನ್ನಡಕ ಹಾಕಿಕೊಳ್ಳಲು ಎರಡು ಸಲ ತಡವರಿಸಿದರು.

"ರೆಜಿನಾ..."

"ನಾ ಕ್ಷಮಾ ಮಾಡೀನಿ ಅಂತ ನಿಮಗ್ಯಾರು ಹೇಳಿದರು? ನೀವು ಕೇಳಲೂ ಇಲ್ಲ, ನಾ ಹೇಳಲೂ ಇಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಪರೀಕ್ಷಾ ಇತ್ತು, ಅದಕ್ಕ ಬಂದೆ. ದಿನಾ ಸ್ಕಾರ್ಫ್ ಬಿಗಿದ್ಕೊಂಡು ಬಂದೆ. ಉಳಿದದ್ದೆಲ್ಲ ಖರೇ ಹೇಳೀರಿ. ಅದೊಂದು ಮಾತ ನೀವ ಕಟ್ಟಿದ್ದು."

ಮಕ್ಕಳೆದುರು, ದನಿ ಇಳಿಸುವ ಹದ ಯಾವುದೂ ಇಲ್ಲದೆ, ಸರ್ ಕೇಳಿದರು, "ಹಂಗಾರ ಈಗ ಕೇಳಲೇನವಾ?"

"ಕೇಳ್ರಿ. ನಾ ಇವತ್ತ ಹೇಳಬೇಕು ಅಂತ ಇಲ್ಲ." ಅವಳು ಮಗಳ ಭುಜ ಮುಟ್ಟಿದಳು. "ನನ್ನ ಮಗಳು ಎಸ್ತೇರಾ. ಕೈ ಎತ್ತಿದರ ಕೇಳಿಸ್ಕೋರಿ, ಸಾಕು."

ಅವಳು ಹೊರಟುಹೋದಳು. ಎಸ್ತೇರಾ ನನ್ನನ್ನು ಒಂದು ಸಲ ನೋಡಿ, ಕಚೇರಿಯ ಕಡೆ ಅಮ್ಮನ ಹಿಂದೆ ನಡೆದಳು.

ಇಪ್ಪತ್ತು ವರ್ಷ ನಾನು ನಾಚಿಕೆಪಟ್ಟೆ ಎಂದುಕೊಂಡಿದ್ದೆನಲ್ಲ, ಅದು ನಾಚಿಕೆಯಲ್ಲ, ನಾಟಕ. ಅವಳ ಬಾಯಿಂದ ಬರದ ಮಾತೊಂದನ್ನು ಹಾಸಿಕೊಂಡು ಹಾಯಾಗಿ ಮಲಗಿದ್ದೆ. ಅಂದು ಪ್ರಮೋದನ ತಲೆಯ ಮೇಲೆ ಕುಣಿದು ಅವಳ ಪಾತ್ರ ಕಸಿದೆ. ಆಮೇಲೆ ಪ್ರತಿ ಜೂನ್‌ನಲ್ಲಿ ಅವಳ ಕ್ಷಮೆಯನ್ನೂ ಅವಳನ್ನು ಕೇಳದೆ ಕಸಿದುಕೊಂಡೆ. ನಿಜವಾದ ನಾಚಿಕೆ ನನಗೆ ಶುರುವಾದದ್ದು ಆ ಬೆಳಗ್ಗೆ.

ಸರ್ ಈಗ ನಿವೃತ್ತರು. ಅದಕ್ಕೆ ಮೊದಲು, ರೆಜಿನಾ ಬಂದುಹೋದ ಮರುವರ್ಷದ ಜೂನ್‌ನಲ್ಲಿ, ಕೊನೆಯ ಸಲ ನನ್ನನ್ನು ಮೇಜಿನ ಮೇಲಿಟ್ಟಾಗ, ಒಂಬತ್ತನೆಯ ತರಗತಿಯ ಮುಂದಿನ ಬೆಂಚಿನಲ್ಲಿ ಎಸ್ತೇರಾ ಕೂತಿದ್ದಳು. ಸರ್ ಕಥೆ ಹೇಳಿದರು. ಕನ್ನಡಕ ತೆಗೆಯಲಿಲ್ಲ. "ತಲಿಗೆ ಸ್ಕಾರ್ಫ್ ಕಟ್ಕೊಂಡು ಸಾಲೀಗೆ ಬಂದಳು" ಎಂಬಲ್ಲಿಗೆ ನಿಲ್ಲಿಸಿದರು. ಮಕ್ಕಳು ಮುಂದಿನ ಮಾತಿಗಾಗಿ ಕಾದರು. ನಾನೂ ಕಾದೆ, ಹಳೆಯ ಚಟ. ಕ್ಷಮೆಯ ವಾಕ್ಯ ಬರಲಿಲ್ಲ.

ಎಸ್ತೇರಾ ಕೈ ಎತ್ತಿದಳು.

ಮುತಗಿ ಸರ್ ಸೀಮೆಸುಣ್ಣ ಕೆಳಗಿಟ್ಟು, ಮೇಜಿನ ಹಿಂದಿನಿಂದ ಎದ್ದು ಬಂದು, ಅವಳ ಬೆಂಚಿನ ಎದುರು ನಿಂತರು. "ಹೇಳವಾ," ಎಂದರು.