ಎರಡನೆಯ ಬಟ್ಟಲಿನ ಪೀಚ್

೧೯೮೩ರ ಬೇಸಿಗೆಯಲ್ಲಿ ದಾನವ್ವನಿಗೆ ಅಮೆರಿಕದ ಸನ್ನಿವೇಲಿನ ಹಣ್ಣಿನ ಡಬ್ಬಿಗಳ ಕಾರ್ಖಾನೆಯೊಂದರಲ್ಲಿ ರುಚಿ ನೋಡುವ ಕೆಲಸ ಸಿಕ್ಕಿತ್ತು. ಸಿಕ್ಕಿತ್ತು ಅನ್ನುವುದಕ್ಕಿಂತ, ಕೆಲವು ವಾರ ನೋಡೋಣವೆಂದು ಇಟ್ಟುಕೊಂಡಿದ್ದರು. ಪುಟ್ಟ ಬಟ್ಟಲುಗಳು ಬರುತ್ತಿದ್ದವು. ತುಸು ತಿಂದು, ಇಷ್ಟವಾಯಿತೋ ಇಲ್ಲವೋ ಎಂದು ಮೇಲ್ವಿಚಾರಕಿ ಡೊಲೋರೆಸಳಿಗೆ ಹೇಳಿ, ಉಳಿದದ್ದನ್ನು ಚೆಲ್ಲಬೇಕು. ದಾನವ್ವನಿಗೆ ಚೆಲ್ಲಲು ಕೈ ಬರಲಿಲ್ಲ. ಗದಗಿನ ತವರಿನಲ್ಲಿ ಉಂಡ ತಾಟು ತೊಳೆದು ಆ ನೀರನ್ನೂ ಕುಡಿದು ಬೆಳೆದವಳು. ಇಲ್ಲಿಯೂ ಬಟ್ಟಲು ಬರಿದು ಮಾಡಿ, ನೀರು ಹಾಕಿ ಕಲಕಿ ಕುಡಿದು, "ಐ ಲೈಕ್ ಇಟ್ ವೆರಿ ಮಚ್" ಎನ್ನುತ್ತಿದ್ದಳು. ಉಣ್ಣುವುದೆಲ್ಲ ಪ್ರಸಾದ; ಪ್ರಸಾದದಲ್ಲಿ ಕೊರತೆ ಹುಡುಕುವುದುಂಟೆ?

ಗುರುವಾರ ಡೊಲೋರೆಸ್ ಕರೆದು ಹೇಳಿದಳು: "ಎಲ್ಲವೂ ಇಷ್ಟ ಅನ್ನುವವಳು ನನಗೆ ಯಾಕೆ ಬೇಕು? ನಾಳೆಯೊಂದು ದಿನ ನೋಡುತ್ತೇನೆ."

ಸಂಜೆ ಒಗ್ಗರಣೆ ಹಾಕುತ್ತಲೇ ದಾನವ್ವ ಇಂಗ್ಲಿಷ್ ಕ್ಲಾಸಿನ ಮಾತುಗಳನ್ನು ಬಾಯಿಪಾಠ ಮಾಡಿದಳು. "ಐ ಡೋಂಟ್ ಕೇರ್ ಫಾರ್ ಇಟ್. ನಾಟ್ ಮೈ ಕಪ್ ಆಫ್ ಟೀ."

"ಚಾ ನಿನಗ ಬ್ಯಾಡಂದ್ರ ಈ ಕಡೆ ಕೊಡು," ಎಂದ ಗಂಡ ಶರಣಪ್ಪ.

"ನಗಬ್ಯಾಡ್ರಿ. ನಾಳೆ ಏನರ ಒಂದು ಸೇರಂಗಿಲ್ಲ ಅನ್ನಬೇಕು."

"ಯಾವುದು?"

"ಎರಡನೇದು." ತಿನ್ನುವ ಮೊದಲೇ ಗಟ್ಟಿ ಮಾಡಿಕೊಂಡಿದ್ದಳು.

ಶುಕ್ರವಾರ ಎರಡನೆಯ ಬಟ್ಟಲಿನಲ್ಲಿ ಪೀಚ್ ಇತ್ತು. ಬಾಯಲ್ಲಿಟ್ಟರೆ ಕರಗಿತು. ಅಷ್ಟು ರುಚಿಯಾದದ್ದನ್ನು ಅವಳು ಈ ದೇಶದಲ್ಲಿ ತಿಂದೇ ಇರಲಿಲ್ಲ.

"ಐ ಡೋಂಟ್ ಕೇರ್ ಫಾರ್ ಇಟ್," ಎಂದಳು.

ಡೊಲೋರೆಸಳ ಮುಖ ಅರಳಿತು. "ಸ್ವಲ್ಪ ಹಿಡಿಸಲಿಲ್ಲವೋ, ತೀರ ಹಿಡಿಸಲಿಲ್ಲವೋ?"

"ತೀರ."

"ಗುಡ್! ರುಚಿ ನೋಡಿದ ಉಳಿದವರಲ್ಲಿ ಅರ್ಧ ಜನ ಬೇಕು, ಅರ್ಧ ಜನ ಬೇಡ ಅಂದಿದ್ದರು. ಹಾಗಾದರೆ ಈ ಪೀಚ್ ಬಿಟ್ಟುಬಿಡೋಣ. ನೀನು ಸೋಮವಾರ ಬಾ."

ಕರೆದೊಯ್ಯಲು ಬಂದಿದ್ದ ಶರಣಪ್ಪನ ಕಾರು ಫ್ರೀವೇ ಹತ್ತಿದಾಗಲೂ ದಾನವ್ವ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಕೆಲಸ ಉಳೀತಲ್ಲ, ಮತ್ಯಾಕ ಹಿಂಗ ಕುಂತೀ?"

"ಸುಳ್ಳ ಹೇಳೇನ್ರಿ. ಗಾಡಿ ಹೊಳ್ಳಸ್ರಿ."

"ಹುಚ್ಚಿ ಅದೀಯೇನ? ಕೆಲಸ ಹೋಗ್ತದ."

"ಹೋದ್ರ ಹೋಗ್ಲಿ. ಡೊಲೋರೆಸ್ ಮನಿಗೆ ಹೋಗೂದ್ರಾಗ ಕಾರ್ಖಾನೆ ಮುಟ್ಟಸ್ರಿ."

ಡೊಲೋರೆಸ್ ರುಚಿಕೋಣೆಗೆ ಬೀಗ ಹಾಕುತ್ತಿದ್ದಳು. ಪೀಚ್ ಇಷ್ಟವಾಗಿತ್ತು, ಕೆಲಸದ ಆಸೆಗೆ ಸುಳ್ಳು ಹೇಳಿದೆ ಎಂದು ದಾನವ್ವ ತನಗೆ ಬರುವ ಇಂಗ್ಲಿಷಿನಲ್ಲಿ ಒದರಿಬಿಟ್ಟಳು.

ಡೊಲೋರೆಸ್ ನಿಟ್ಟುಸಿರಿಟ್ಟಳು. "ಅಂದರೆ ಮತ್ತೆ ಎಲ್ಲವೂ ಇಷ್ಟ?"

"ಇಲ್ಲ." ದಾನವ್ವ ತಲೆಯಾಡಿಸಿದಳು. "ಮೊನ್ನೆಯ ಪಿಯರ್ ಹಣ್ಣು ಸೇರಲಿಲ್ಲ. ತಗಡಿನ ವಾಸನೆ."

ಹೇಳಿದೊಡನೆ ಗಲ್ಲ ಬಡಿದುಕೊಳ್ಳಬೇಕೆನಿಸಿತು. ಆದರೆ ಬಾಯಿ ನಿಲ್ಲಲಿಲ್ಲ. "ಚೆರ್ರಿ ನುಂಗುವುದೇ ಕಷ್ಟವಾಯಿತು. ಬುಧವಾರದ ಪಾಕ ಬರೀ ಸಕ್ಕರೆ. ಆಮೇಲೆ..."

ಡೊಲೋರೆಸ್ ಬೀಗ ತೆಗೆದು, ದೀಪ ಹಾಕಿ, ಕುರ್ಚಿ ಎಳೆದುಕೊಂಡಳು. ಹೊರಗೆ ಶರಣಪ್ಪ ಹಾರ್ನ್ ಒತ್ತುತ್ತಲೇ ಇದ್ದ.