ಹಲಗೆಯ ನೆಲ

ನನ್ನ ಎಡಗಾಲಿಗೆ ಇದ್ದ ಹೆಸರು ದೊಡ್ಡ ದೊಡ್ಡ ಗಾಯಕರ ಗಂಟಲಿಗೂ ಇರಲಿಲ್ಲ. ಶಿಶುವಿಹಾರದ ಮಹಡಿ ಕೋಣೆಯಲ್ಲಿ ನಲವತ್ತು ಮಕ್ಕಳು (ಕೇಳಿದವರಿಗೆ ನಾನೂರು ಎಂದೇ ಹೇಳುತ್ತಿದ್ದೆ) ಒಟ್ಟಿಗೆ ಅರಚುತ್ತಿರುವಾಗ ಹಲಗೆಯ ನೆಲಕ್ಕೆ ಒಂದು ಬಾರಿ ಕಾಲು ಬಡಿದರೆ ಸಾಕು, ಗೋಡೆಯ ಗಡಿಯಾರವೂ ಟಿಕ್ ಅನ್ನಲು ನನ್ನ ಅಪ್ಪಣೆ ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ಹೀಗೆ ಆಳಿದೆ. ಮಕ್ಕಳ ಬೆಳವಣಿಗೆಯ ಬಗ್ಗೆ ಎರಡು ದಿನದ ತರಬೇತಿ ಇದೆ, ಬನ್ನಿ ಎಂದು ಇಲಾಖೆಯವರು ಕರೆದಾಗ, ಬೇಕಿದ್ದರೆ ಅವರೇ ಬಂದು ನನ್ನ ಹತ್ತಿರ ಕಲಿಯಲಿ ಎಂದು ಹೇಳಿ ಕಳಿಸಿದ್ದೆ.

ಆ ವರ್ಷ ಎರಡೂವರೆ ವರ್ಷದ ಹುಡುಗಿಯೊಬ್ಬಳು ಸೇರಿದಳು. ಬೊಂಬೆ ಎಂದು ನಾನೇ ಅಡ್ಡಹೆಸರಿಟ್ಟೆ. ಅಳುವಿಲ್ಲ, ಹಟವಿಲ್ಲ, ಮಾತಂತೂ ಇಲ್ಲವೇ ಇಲ್ಲ. ಏಳು ಲೋಕ ಜಾಲಾಡಿದರೂ ಇಂಥ ಮಗು ಸಿಗದು ಎಂದು ದಿನವೂ ಅವಳ ಅಂಗೈಗೆ ಒಂದು ಕಾಗದದ ನಕ್ಷತ್ರ ಅಂಟಿಸುತ್ತಿದ್ದೆ.

ಮೂರು ತಿಂಗಳಾದ ಮೇಲೆ ಅವಳ ಅಮ್ಮ ಬಂದಳು. ಬಟ್ಟೆ ಹೊಲಿಯುವವಳು, ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

"ಮಿಸ್, ಕರೆದ್ರೆ ಇವಳು ತಿರುಗೋದೇ ಇಲ್ಲ. ಕಿವಿ ಕೇಳಲ್ವೇನೋ ಅಂತ ಭಯ. ಡಾಕ್ಟರಿಗೆ ತೋರಿಸ್ಲಾ?"

"ನಿನಗ್ಯಾಕಮ್ಮ ಇಲ್ಲದ ತಲೆನೋವು? ನಮ್ಮ ಸೋದರಮಾವ ಐದು ವರ್ಷಕ್ಕೆ ಬಾಯಿ ಬಿಟ್ಟ. ಬಿಟ್ಟವನು ಇವತ್ತಿಗೂ ಮುಚ್ಚಿಲ್ಲ. ನೋಡಿಲ್ಲಿ."

ಬೊಂಬೆ ನಮಗೆ ಬೆನ್ನು ಹಾಕಿ ಮರದ ತುಂಡುಗಳನ್ನು ಜೋಡಿಸುತ್ತಿದ್ದಳು. ನಾನು ಕಾಲು ಬಡಿದೆ. ಎಲ್ಲರಿಗಿಂತ ಮೊದಲು ತಿರುಗಿದವಳು ಅವಳೇ.

"ಸದ್ಯ," ಎಂದು ಅಮ್ಮ ಉಸಿರು ಬಿಟ್ಟಳು. "ನೀವು ಹೇಳಿದ್ಮೇಲೆ ಮುಗೀತು ಮಿಸ್."

ವರದಿ ಪುಸ್ತಕದಲ್ಲಿ 'ಕಿವಿ ಬಲು ಚುರುಕು' ಎಂದು ಬರೆದು, ಕೆಳಗೆ ಗೇಣುದ್ದ ಸಹಿ ಹಾಕಿದೆ.

ಒಂದೂವರೆ ವರ್ಷದ ನಂತರ ಹಲಗೆಗಳಿಗೆ ಗೆದ್ದಲು ಹಿಡಿದು ನಮ್ಮನ್ನು ಕೆಳಗಿನ ಕೋಣೆಗೆ ಇಳಿಸಿದರು. ಅಲ್ಲಿ ಸಿಮೆಂಟಿನ ನೆಲ. ಮೊದಲ ದಿನವೇ ಪ್ರತಾಪ ತೋರಿಸಬೇಕೆಂದು ಹಿಮ್ಮಡಿ ಸಿಡಿಯುವಂತೆ ಬಡಿದೆ. ಮೂವತ್ತೊಂಬತ್ತು ತಲೆಗಳು ತಿರುಗಿದವು. ಬೊಂಬೆ ಗೋಡೆಯತ್ತ ಮುಖ ಮಾಡಿ ತುಂಡು ಜೋಡಿಸುತ್ತಲೇ ಇದ್ದಳು. ಮತ್ತೆ ಬಡಿದೆ. ಮತ್ತೊಮ್ಮೆ.

ತಟ್ಟೆ ಒರೆಸುತ್ತಿದ್ದ ಆಯಾ ಕೈ ನಿಲ್ಲಿಸಿದಳು. "ಅಕ್ಕಾ, ಮೇಲೆ ಹಲಗೆ ಅದುರ್ತಿತ್ತು. ಮಗುಗೆ ಗೊತ್ತಾಗ್ತಿದ್ದಿದ್ದು ಅದು."

ಇಲ್ಲಿಂದ ಮುಂದೆ ಹೇಳುವುದರಲ್ಲಿ ನಾನು ಒಂದು ಕಾಳೂ ಸೇರಿಸಿಲ್ಲ.

ತಾಯಿ ಮಗಳ ಜೊತೆ ಆಸ್ಪತ್ರೆಗೆ ನಾನೂ ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದರು: "ಎರಡೂ ಕಿವಿ ಹುಟ್ಟಿನಿಂದಲೇ ಕೇಳ್ತಿಲ್ಲ. ಮಾತು ಬೇರು ಬಿಡೋ ವರ್ಷಗಳು ಕೈಬಿಟ್ಟು ಹೋದ್ವು. ಈಗ್ಲೂ ಕಿವಿಗೆ ಯಂತ್ರ ಹಾಕೋಣ, ಬಂದಷ್ಟು ಬರಲಿ. ಜಾಸ್ತಿ ಆಸೆ ಇಟ್ಕೋಬೇಡಿ. ಯಾಕಮ್ಮ ಇಷ್ಟು ತಡ ಮಾಡಿದ್ರಿ?"

ಅಮ್ಮ ನನ್ನತ್ತ ನೋಡಲಿಲ್ಲ. ಚೀಲದಿಂದ ವರದಿ ಪುಸ್ತಕ ತೆಗೆದು, ಆ ಪುಟ ಬಿಡಿಸಿ, ಮೇಜಿನ ಮೇಲಿಟ್ಟಳು. ಡಾಕ್ಟರು ಓದಿ, ಸಹಿ ನೋಡಿ, ಪುಸ್ತಕ ಮುಚ್ಚಿದರು.

ಹೊರಗೆ ಅಮ್ಮ ಗೋಡೆಗೆ ಹಣೆ ಒತ್ತಿ ನಿಂತಳು. ಬೊಂಬೆಗೆ ನೀರು ಬೇಕಿತ್ತೇನೋ, ಅಮ್ಮನನ್ನೇ ನೋಡಿದಳು, ಕಾದಳು. ಆಮೇಲೆ ಎಡಗಾಲೆತ್ತಿ, ಥೇಟ್ ನನ್ನ ಹಾಗೆ, ಆಸ್ಪತ್ರೆಯ ಗಟ್ಟಿ ನೆಲಕ್ಕೆ ಬಡಿದಳು. ಅಮ್ಮ ತಿರುಗಲಿಲ್ಲ. ಬೊಂಬೆ ಮತ್ತೆ ಕಾಲೆತ್ತಿದಳು.